ಮೌನವ್ರತವೂ ಮಾತು ಬಿಡುವುದೂ

ಜೈನ ಗೃಹಸ್ಥರ ಮನೆಗಳಲ್ಲಿ ಉಪವಾಸಕ್ಕೆ ಸಲ್ಲುವ ಗೌರವ ಮೌನಕ್ಕೆ ಸಲ್ಲುವುದಿಲ್ಲ. ಅಷ್ಟಮಿ, ಚತುರ್ದಶಿಗಳಂದು ಯಾರು ಉಪವಾಸವಿದ್ದಾರೆ, ಯಾರು ಏಕಭುಕ್ತದಲ್ಲಿದ್ದಾರೆ ಎಂಬುದು ಬಸದಿಗೆ ಬರುವವರಿಗೆಲ್ಲ ತಿಳಿದಿರುತ್ತದೆ. ದಶಲಕ್ಷಣ ಪರ್ವದ ಹತ್ತು ದಿನವೂ ನಿರಾಹಾರದಿಂದ ಇದ್ದವರನ್ನು ಸಮಾಜವು ಸನ್ಮಾನಿಸುತ್ತದೆ. ಆ ಹತ್ತು ದಿನಗಳಲ್ಲಿ ಒಂದು ಕಟುನುಡಿಯನ್ನೂ ಆಡದೆ ಇದ್ದವರು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಹೊಟ್ಟೆಯ ವ್ರತವು ಕಣ್ಣಿಗೆ ಕಾಣುತ್ತದೆ, ನಾಲಗೆಯ ವ್ರತವು ಕಾಣುವುದಿಲ್ಲ. ಕಾಣದ ಈ ವ್ರತದ ಸ್ವರೂಪವೇನು, ಅದಕ್ಕೆ ಬರುವ ದೋಷಗಳಾವುವು, ಗೃಹಸ್ಥನು ಅದನ್ನು ಹೇಗೆ ಆಚರಿಸಬೇಕು ಎಂಬುದನ್ನು ಶ್ರಾವಕ-ಶ್ರಾವಿಕೆಯರು ಅರಿತಿರುವುದು ಅವಶ್ಯ.

ನಾಲಗೆಯ ಎರಡು ಕೆಲಸಗಳು

ಇಂದ್ರಿಯಗಳಲ್ಲಿ ನಾಲಗೆಗೆ ಮಾತ್ರ ಎರಡು ಕೆಲಸಗಳಿವೆ. ರುಚಿಯನ್ನು ಒಳಗೆ ತೆಗೆದುಕೊಳ್ಳುವುದು ಒಂದು, ನುಡಿಯನ್ನು ಹೊರಗೆ ಕಳಿಸುವುದು ಇನ್ನೊಂದು. ಮೊದಲನೆಯದನ್ನು ನಿಗ್ರಹಿಸಲು ಆಚಾರ್ಯರು ಬಾಹ್ಯ ತಪಸ್ಸಿನಲ್ಲಿ ಅನಶನ, ಅವಮೌದರ್ಯ, ರಸಪರಿತ್ಯಾಗ ಮುಂತಾದವುಗಳನ್ನು ಹೇಳಿದ್ದಾರೆ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಎಣಿಸಿ, ಅದಕ್ಕಿಂತ ಕಡಿಮೆ ಉಣ್ಣುವುದನ್ನು ಅವಮೌದರ್ಯವೆಂದು ಕರೆದಿದ್ದಾರೆ. ಹಸಿವು ಇರುವಾಗಲೇ ಕೈ ತೊಳೆಯುವುದು ಅದರ ತಿರುಳು.

ಮಾತಿಗೂ ಇದೇ ಕ್ರಮವನ್ನು ಹೊಂದಿಸಿಕೊಳ್ಳಬಹುದು. ಆಡಬೇಕೆನಿಸಿದ್ದಕ್ಕಿಂತ ಒಂದೆರಡು ಮಾತು ಕಡಿಮೆ ಆಡುವುದು ವಚನದ ಅವಮೌದರ್ಯ. ಪರನಿಂದೆ, ಹಾಸ್ಯದ ಕೊಂಕು, ಆತ್ಮಪ್ರಶಂಸೆ ಎಂಬ ರುಚಿಕರವಾದ ಮಾತುಗಳನ್ನು ಬಿಡುವುದು ವಚನದ ರಸಪರಿತ್ಯಾಗ. ನಿಯತ ಕಾಲದವರೆಗೆ ಮಾತನ್ನೇ ತ್ಯಜಿಸುವ ಮೌನವು ವಚನದ ಉಪವಾಸ. ಉಪವಾಸವನ್ನು ಬಲ್ಲ ಮನೆತನಗಳಿಗೆ ಮೌನವನ್ನು ತಿಳಿಯುವುದು ಕಷ್ಟವಲ್ಲ.

ಶಾಸ್ತ್ರದಲ್ಲಿ ಮೌನದ ಸ್ಥಾನ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಒಂದೊಂದು ವ್ರತವನ್ನೂ ದೃಢಪಡಿಸುವ ಐದೈದು ಭಾವನೆಗಳನ್ನು ಹೇಳುತ್ತಾರೆ. ಅಲ್ಲಿ ವಚನಗುಪ್ತಿಯನ್ನು ಅವರು ಸತ್ಯವ್ರತದ ಕೆಳಗೆ ಇರಿಸಿಲ್ಲ. ಅಹಿಂಸಾವ್ರತದ ಭಾವನೆಗಳಲ್ಲಿ ಮೊದಲನೆಯದಾಗಿ ಇರಿಸಿದ್ದಾರೆ. ಇದು ಗಮನಾರ್ಹ. ಮಾತಿನಿಂದ ಆಗುವ ಮೊದಲ ಅಪಾಯ ಸುಳ್ಳಲ್ಲ, ಹಿಂಸೆ ಎಂಬುದು ಇದರಿಂದ ತಿಳಿಯುತ್ತದೆ. ನೀರನ್ನು ಸೋಸಿ ಕುಡಿಯುವವನು, ರಾತ್ರಿ ಭೋಜನವನ್ನು ಬಿಟ್ಟವನು, ತನ್ನ ನುಡಿಯನ್ನು ಸೋಸದೆ ಹೊರಗೆ ಬಿಟ್ಟರೆ ಅವನ ಅಹಿಂಸೆಯು ಅರ್ಧವಾಯಿತು.

ಸತ್ಯವ್ರತದ ಐದು ಭಾವನೆಗಳಲ್ಲಿ ನಾಲ್ಕು ತ್ಯಾಗಗಳು: ಕ್ರೋಧದ ತ್ಯಾಗ, ಲೋಭದ ತ್ಯಾಗ, ಭಯದ ತ್ಯಾಗ, ಹಾಸ್ಯದ ತ್ಯಾಗ. ಐದನೆಯದೊಂದೇ ಮಾತನಾಡುವ ರೀತಿಯನ್ನು ಹೇಳುತ್ತದೆ, ಅದು ವಿಚಾರಿಸಿ ನಿರ್ದೋಷವಾಗಿ ನುಡಿಯುವುದು. ಅದೇ ಅಧ್ಯಾಯದಲ್ಲಿ ಅನರ್ಥದಂಡವ್ರತದ ಅತಿಚಾರಗಳನ್ನು ಹೇಳುವಾಗ ‘ಮೌಖರ್ಯ’ವೆಂಬ ದೋಷವು ಬರುತ್ತದೆ. ಹಿಂದುಮುಂದು ನೋಡದೆ ಬಹಳ ಮಾತನಾಡುವುದೇ ಮೌಖರ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದನ್ನು ಎಣಿಸಿದ್ದಾರೆ. ವಟಗುಟ್ಟುವುದು ಬರಿಯ ಸ್ವಭಾವದೋಷವಲ್ಲ, ವ್ರತಕ್ಕೆ ತಗಲುವ ಕಲೆ.

ತೀರ್ಥಂಕರರ ಚರಿತ್ರೆಯೂ ಇದನ್ನೇ ಬೋಧಿಸುತ್ತದೆ. ದೀಕ್ಷೆಯಿಂದ ಕೇವಲಜ್ಞಾನದವರೆಗೆ ತೀರ್ಥಂಕರರು ಮೌನದಲ್ಲಿರುತ್ತಾರೆ. ವರ್ಧಮಾನ ಸ್ವಾಮಿಯ ಆ ಅವಧಿಯು 12 ವರ್ಷಕ್ಕೂ ಮೇಲ್ಪಟ್ಟದ್ದು. ವೈಶಾಖ ಶುದ್ಧ ದಶಮಿಯಂದು ಕೇವಲಜ್ಞಾನವಾದ ಮೇಲೂ 66 ದಿನಗಳ ಕಾಲ ದಿವ್ಯಧ್ವನಿಯು ಹೊರಡಲಿಲ್ಲ. ಇಂದ್ರಭೂತಿ ಗೌತಮನು ಸಮವಸರಣಕ್ಕೆ ಬಂದ ನಂತರವೇ ರಾಜಗೃಹದ ವಿಪುಲಾಚಲದ ಮೇಲೆ ಅದು ಹೊರಟಿತೆಂದು ದಿಗಂಬರ ಪರಂಪರೆ ಹೇಳುತ್ತದೆ. ಉತ್ತರದವರ ಎಣಿಕೆಯಲ್ಲಿ ಅದು ಶ್ರಾವಣ ಬಹುಳ ಪಾಡ್ಯ, ಕನ್ನಡನಾಡಿನ ಪಂಚಾಂಗದಂತೆ ಆಷಾಢ ಬಹುಳ ಪಾಡ್ಯ. ವೀರಶಾಸನ ಜಯಂತಿ ಆಚರಿಸುವುದು ಅಂದೇ. ಸರ್ವವನ್ನೂ ಅರಿತವನ ವಾಣಿಯೂ ತಕ್ಕ ಶ್ರೋತೃವಿಗಾಗಿ ಕಾದಿತು. ಅಲ್ಪವನ್ನು ಅರಿತವರು ಕೇಳುವವರಿಲ್ಲದಲ್ಲಿಯೂ ಮಾತಿಗೆ ಆತುರಪಡುತ್ತಾರೆ.

ಸಮೀಪದ ಕಾಲಕ್ಕೆ ಬಂದರೆ, ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಿಂದ ಬಂದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಆರಂಭಿಸಿ, 36ನೆಯ ದಿನವಾದ ಸೆಪ್ಟೆಂಬರ್ 18ರಂದು ಸಮಾಧಿಯನ್ನು ಹೊಂದಿದರು. ಆ ಉಪವಾಸದ 26ನೆಯ ದಿನ ಅವರು ನೀಡಿದ ಅಂತಿಮ ಉಪದೇಶವನ್ನು ಧ್ವನಿಮುದ್ರಣ ಮಾಡಿಕೊಳ್ಳಲಾಯಿತು. ಅದು ಅರ್ಧ ಗಂಟೆಯನ್ನೂ ತುಂಬುವುದಿಲ್ಲ. ಒಂದು ಜೀವಮಾನದ ತಪಸ್ಸನ್ನು ಹೇಳಲು ಅವರಿಗೆ ಅಷ್ಟೇ ಮಾತು ಸಾಕಾಯಿತು. ಇದೇ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 1988ರಲ್ಲಿ ಪ್ರಕಟವಾದ ತಮ್ಮ ಹಿಂದೀ ಮಹಾಕಾವ್ಯಕ್ಕೆ ‘ಮೂಕಮಾಟಿ’, ಅಂದರೆ ಮಾತಿಲ್ಲದ ಮಣ್ಣು, ಎಂದು ಹೆಸರಿಟ್ಟರು. 2024ರ ಫೆಬ್ರವರಿಯಲ್ಲಿ ಡೋಂಗರಗಢದ ಚಂದ್ರಗಿರಿಯಲ್ಲಿ ಅವರು ದೇಹವನ್ನು ಬಿಟ್ಟಾಗ ಕೊನೆಯ ದಿನಗಳು ಉಪವಾಸ ಮೌನಗಳಲ್ಲಿಯೇ ಕಳೆದಿದ್ದವು.

ಲಂಘನ ಮತ್ತು ಉಪವಾಸ

ಕಷಾಯ, ವಿಷಯ, ಆಹಾರ ಈ ಮೂರನ್ನೂ ತ್ಯಜಿಸಿದರೆ ಮಾತ್ರ ಅದು ಉಪವಾಸ. ಆಹಾರವನ್ನಷ್ಟೇ ಬಿಟ್ಟು ಕಷಾಯಗಳನ್ನು ಉಳಿಸಿಕೊಂಡರೆ ಅದು ಬರಿಯ ಲಂಘನವೆಂದು ಹಿರಿಯರು ನಿರ್ಣಯಿಸಿದ್ದಾರೆ. ಜ್ವರ ಬಂದವನೂ ಲಂಘನ ಮಾಡುತ್ತಾನೆ, ಅದಕ್ಕೆ ವ್ರತದ ಫಲವಿಲ್ಲ. ಈ ನಿಯಮವನ್ನು ಮೌನಕ್ಕೂ ಅನ್ವಯಿಸಿ ನೋಡಬೇಕು. ಬಾಯಿ ಮುಚ್ಚಿದ್ದೆಲ್ಲ ಮೌನವಲ್ಲ.

ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ದಲಾಲರು ವ್ಯಾಪಾರ ಕುದುರಿಸುವ ರೀತಿಯನ್ನು ಎಲ್ಲರೂ ಕಂಡಿದ್ದಾರೆ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹಾಸಿಕೊಂಡು, ಅದರ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಎತ್ತಿನ ಬೆಲೆಯನ್ನು ನಿರ್ಣಯಿಸುತ್ತಾರೆ. ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಆ ಮೌನದ ಒಳಗೆ ಲೆಕ್ಕವೂ ಆಸೆಯೂ ಭರದಿಂದ ನಡೆದಿರುತ್ತವೆ. ವ್ಯವಹಾರಕ್ಕೆ ಅದು ಸರಿಯೇ ಇರಬಹುದು, ಆದರೆ ಅದನ್ನು ಯಾರೂ ಮೌನವ್ರತವೆನ್ನುವುದಿಲ್ಲ. ವಚನಗುಪ್ತಿಯ ಜೊತೆಗೆ ಮನೋಗುಪ್ತಿಯನ್ನು ಹೇಳಿದ್ದರ ಕಾರಣ ಇದೇ.

ಮನೆಯ ಒಳಗಿನ ಇನ್ನೊಂದು ಮೌನವು ಇದಕ್ಕಿಂತ ಕೆಟ್ಟದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ‘ಅವರವರಲ್ಲಿ ಮಾತು ಬಿಟ್ಟಿದೆ’ ಎಂಬ ನುಡಿ ವಾಡಿಕೆಯಲ್ಲಿದೆ. ಅಣ್ಣತಮ್ಮಂದಿರಿಬ್ಬರು ಹೊಲದ ಬದುವಿಗಾಗಿಯೋ ಕಾಲುವೆಯ ನೀರಿನ ಪಾಳಿಗಾಗಿಯೋ ಜಗಳವಾಡಿ ಮಾತು ಬಿಟ್ಟಿದ್ದಾರೆಂದು ಭಾವಿಸಿರಿ. ಮನೆಗಳ ನಡುವೆ ಗೋಡೆ ಒಂದೇ. ಹೇಳಲೇಬೇಕಾದ ಸಂಗತಿ ಬಂದರೆ ಮಗುವನ್ನು ಮುಂದೆ ಮಾಡುತ್ತಾರೆ: “ನಿಮ್ಮ ದೊಡ್ಡಪ್ಪಗ ಹೇಳ್ಹೋಗು, ಕಾಲಿವಿ ನೀರು ಬಂದೈತಿ.” ದೊಡ್ಡಪ್ಪನು ಎದುರಿಗೇ ನಿಂತು ಅದನ್ನು ಕೇಳುತ್ತಿರುತ್ತಾನೆ. ಅವನ ಉತ್ತರವೂ ಆ ಮಗುವಿನ ಬಾಯಿಂದಲೇ ಹಿಂದಿರುಗಬೇಕು. ಇಬ್ಬರೂ ಬಸದಿಗೆ ಹೋಗುತ್ತಾರೆ, ಇಬ್ಬರೂ ಅನಂತ ಚತುರ್ದಶಿಯ ಉಪವಾಸ ಮಾಡುತ್ತಾರೆ, ಗಂಧೋದಕವನ್ನು ಒಂದೇ ಪಾತ್ರೆಯಿಂದ ಹಣೆಗೆ ಹಚ್ಚಿಕೊಳ್ಳುತ್ತಾರೆ. ಒಬ್ಬರನ್ನೊಬ್ಬರು ಮಾತ್ರ ನೋಡುವುದಿಲ್ಲ. ‘ಕೆಟ್ಟ ಮಾತು ಆಡುವುದಕ್ಕಿಂತ ಸುಮ್ಮನಿರುವುದು ಲೇಸಲ್ಲವೆ’ ಎಂದು ಇವರು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವುದುಂಟು. ಮೊದಲ ದಿನ ಅದು ಲೇಸೇ ಸರಿ. ವರ್ಷ ಕಳೆದ ಮೇಲೂ ಅದು ಲೇಸೇ ಎಂಬುದು ಪ್ರಶ್ನೆ.

ಕ್ರೋಧದ ನಾಲ್ಕು ಗೆರೆಗಳು

ಈ ಪ್ರಶ್ನೆಗೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಕ್ರೋಧವು ನಾಲ್ಕು ಬಗೆಯ ಗೆರೆಗಳಂತಿರುತ್ತದೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬುದನ್ನೂ ಅದೇ ಗ್ರಂಥದ ಕರ್ಮಕಾಂಡವು ಅಳೆದು ಹೇಳಿದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅದನ್ನು ಮೀರಿ ಭವಭವಾಂತರಕ್ಕೆ ಹರಿಯುವುದು ಅನಂತಾನುಬಂಧಿ.

ಈ ನಾಲ್ಕು ಗೆರೆಗಳನ್ನು ಅರಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಮಲಪ್ರಭೆಯ ನೀರಿನ ಮೇಲೆ ಕೋಲಿನಿಂದ ಗೀಚಿದ ಗೆರೆ ಗೀಚುತ್ತಿರುವಾಗಲೇ ಅಳಿಯುತ್ತದೆ, ಇದು ಸಂಜ್ವಲನ. ರಾಮದುರ್ಗದ ಬಳಿ ಅದೇ ಹೊಳೆಯ ದಂಡೆಯ ಮರಳಿನಲ್ಲಿ ಎಳೆದ ಗೆರೆಯು ಗಾಳಿ ಬೀಸುವವರೆಗೆ ಇರುತ್ತದೆ, ಇದು ಪ್ರತ್ಯಾಖ್ಯಾನಾವರಣ. ಬೈಲಹೊಂಗಲದ ಎರೆಹೊಲಗಳು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತವೆ, ಮುಂಗಾರು ಮಳೆ ಬಿದ್ದರೆ ಆ ಬಿರುಕು ತಾನೇ ಕೂಡಿಕೊಳ್ಳುತ್ತದೆ. ಇದು ಅಪ್ರತ್ಯಾಖ್ಯಾನಾವರಣ. ಇನ್ನು ಕಲ್ಲಿನ ಗೆರೆಗೆ ಸವದತ್ತಿಯೇ ಸಾಕ್ಷಿ. ರಟ್ಟರ ರಾಜಧಾನಿಯಾಗಿದ್ದ ಈ ಸುಗಂಧವರ್ತಿಯಲ್ಲಿ 980ರಲ್ಲಿ ಶಾಂತಿವರ್ಮನು ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದತ್ತಿ ಬಿಟ್ಟದ್ದನ್ನು ಶಾಸನವು ಸಾವಿರ ವರ್ಷಕ್ಕೂ ಮೇಲೆ ಹಿಡಿದಿಟ್ಟಿದೆ. ಕಲ್ಲಿಗೆ ಹಾಕಿದ ಗೆರೆಯು ಹಾಕಿದವನೂ ಅವನ ವಂಶವೂ ಹೋದ ಮೇಲೂ ಹೋಗುವುದಿಲ್ಲ. ದಾನವನ್ನು ಕಲ್ಲಿನಲ್ಲಿ ಕೆತ್ತಿಸಿದ ಹಿರಿಯರ ನಾಡಿನಲ್ಲಿ ದ್ವೇಷವನ್ನು ಕಲ್ಲಿನಲ್ಲಿ ಕೆತ್ತುವುದು ತಕ್ಕುದಲ್ಲ.

ಈ ಅಳತೆಯನ್ನು ಮಾತು ಬಿಟ್ಟ ಮನೆಗಳು ತಮಗೆ ತಾವೇ ಹಿಡಿದು ನೋಡಿಕೊಳ್ಳಬೇಕು. ಮುನಿಸಿನ ವಾಸನೆಯು ಹದಿನೈದು ದಿನವನ್ನು ದಾಟಿದರೆ ಅದು ಅಪ್ರತ್ಯಾಖ್ಯಾನಾವರಣದ ಲಕ್ಷಣ. ಶ್ರಾವಕನ ದೇಶವ್ರತಕ್ಕೆ ಅಡ್ಡ ಬರುವ ಕಷಾಯ ಅದೇ. ಆರು ತಿಂಗಳನ್ನು ದಾಟಿದರೆ ಅದು ಅನಂತಾನುಬಂಧಿಯ ಲಕ್ಷಣ. ಅದು ಸಮ್ಯಕ್ತ್ವವನ್ನೇ ಕೆಡಿಸುತ್ತದೆ. ಬೇರು ಕೊಳೆತ ಗಿಡಕ್ಕೆ ಎಷ್ಟು ನೀರು ಹೊಯ್ದರೂ ಚಿಗುರದು. ಹಾಗೆಯೇ ಒಡಹುಟ್ಟಿದವನೊಡನೆ ಮೂರು ವರ್ಷದಿಂದ ಮಾತು ಬಿಟ್ಟವನು ಇರಿಸಿಕೊಂಡ ಉಪವಾಸಗಳ ಗತಿಯನ್ನು ಅವನೇ ವಿಚಾರಿಸಬೇಕು. ಚತುರ್ದಶಿಗೆ ಪಾಕ್ಷಿಕ ಪ್ರತಿಕ್ರಮಣವನ್ನು ವಿಧಿಸಿರುವುದರ ಉಪಕಾರ ಇಲ್ಲಿ ತಿಳಿಯುತ್ತದೆ. ಪಕ್ಷಕ್ಕೊಮ್ಮೆ ನಿಜವಾಗಿ ಪ್ರತಿಕ್ರಮಣ ಮಾಡುವವನ ಕ್ರೋಧವು ಪಕ್ಷವನ್ನು ದಾಟಲು ಎಡೆಯಿಲ್ಲ.

ಮೌನ ಹಿಡಿದವನನ್ನೂ ಮಾತು ಬಿಟ್ಟವನನ್ನೂ ಹೊರಗಿನಿಂದ ಬೇರ್ಪಡಿಸಿ ತಿಳಿಯಲಾಗದು. ಒಳಗೆ ಮಾತ್ರ ಅಂತರವಿದೆ. ಮೌನಕ್ಕೆ ಕಾಲದ ಮಿತಿಯಿರುತ್ತದೆ, ಮಾತು ಬಿಡುವುದಕ್ಕೆ ಇರುವುದಿಲ್ಲ. ಮೌನವು ಎಲ್ಲರ ವಿಷಯದಲ್ಲೂ ಸಮಾನ, ಮಾತು ಬಿಡುವುದು ಒಬ್ಬನಿಗೆ ಗುರಿಯಿಟ್ಟದ್ದು. ಮೌನದ ಕೊನೆಗೆ ಮನಸ್ಸು ಹಗುರಾಗುತ್ತದೆ, ಮಾತು ಬಿಟ್ಟವನ ಮನಸ್ಸು ದಿನದಿಂದ ದಿನಕ್ಕೆ ಭಾರವಾಗುತ್ತದೆ.

ಮಾತನಾಡಬೇಕಾದಲ್ಲಿ ಮೌನವು ದೋಷ

ಸುಮ್ಮನಿರುವುದು ಎಲ್ಲೆಡೆಯೂ ಗುಣವೆಂದು ತಿಳಿಯಬಾರದು. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಒಬ್ಬನು ನಂಬಿ ಇಟ್ಟ ಹಣದ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಅಷ್ಟೇ ಸರಿ’ ಎಂದು ಒಪ್ಪಿಬಿಡುವುದು ಅದರ ಸ್ವರೂಪ. ಅಲ್ಲಿ ತಲೆಯಾಡಿಸಿ ಸುಮ್ಮನಾದರೂ ದೋಷವು ತಪ್ಪದು. ಹತ್ತಿಯ ತೂಕದಲ್ಲಿ ರೈತನಿಗೆ ನಷ್ಟವಾದುದನ್ನು ಅರಿತೂ ಬಾಯಿ ತೆರೆಯದ ವ್ಯಾಪಾರಿಯು ಮೌನಿಯಲ್ಲ. ಧರ್ಮವು ನಾಶವಾಗುವಲ್ಲಿ, ಶಾಸ್ತ್ರದ ಅರ್ಥವು ಕೆಡುವಲ್ಲಿ ಯಾರೂ ಕೇಳದಿದ್ದರೂ ನುಡಿಯಬೇಕೆಂದು ಶುಭಚಂದ್ರಾಚಾರ್ಯರು ಜ್ಞಾನಾರ್ಣವದಲ್ಲಿ ಹೇಳಿದ್ದಾರೆ.

ಇದಕ್ಕೆ ವಿರುದ್ಧವಾಗಿ, ಸತ್ಯವಾದರೂ ಆಡಬಾರದ ಮಾತುಗಳಿವೆ. ಪರರಿಗೆ ವಿಪತ್ತನ್ನು ತರುವ ನಿಜವನ್ನೂ ನುಡಿಯಬಾರದೆಂದು ಸಮಂತಭದ್ರರು ಸತ್ಯಾಣುವ್ರತದ ಲಕ್ಷಣದಲ್ಲಿಯೇ ಹೇಳುತ್ತಾರೆ. ರಹೋಭ್ಯಾಖ್ಯಾನ, ಸಾಕಾರಮಂತ್ರಭೇದ ಎಂಬ ಎರಡು ಅತಿಚಾರಗಳು ಪರರ ಗುಟ್ಟನ್ನು ಹೊರಗೆಡಹುವುದಕ್ಕೆ ಸಂಬಂಧಿಸಿವೆ. ಈ ನೆಲದ ಇತಿಹಾಸವು ಅದರ ಫಲವನ್ನು ಕಂಡಿದೆ. 1824ರಲ್ಲಿ ಕಿತ್ತೂರು ಬ್ರಿಟಿಷರ ಕೈವಶವಾಗಿ, ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಆಮೇಲೆ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನು ತನ್ನವರೆನಿಸಿದವರೇ ಸುಳಿವು ಕೊಟ್ಟದ್ದರಿಂದ 1830ರಲ್ಲಿ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನಿರುವ ಎಡೆಯನ್ನು ತಿಳಿಸಿದ ಮಾತು ಸುಳ್ಳಾಗಿರಲಿಲ್ಲ. ನಿಜವಾಗಿದ್ದುದರಿಂದಲೇ ಅದು ಕೊಂದಿತು.

ಆದುದರಿಂದ ಮಾತಿಗೂ ಮೌನಕ್ಕೂ ಒರೆಗಲ್ಲು ಒಂದೇ: ಇದರಿಂದ ಜೀವಕ್ಕೆ ಹಿತವೋ ಅಹಿತವೋ, ಇದು ಕಷಾಯದಿಂದ ಹುಟ್ಟಿತೋ ಕರುಣೆಯಿಂದ ಹುಟ್ಟಿತೋ.

ಗೃಹಸ್ಥನ ಆಚರಣೆ

ಮೌನದ ಅಭ್ಯಾಸವು ಊಟದ ಎಲೆಯಿಂದ ಮೊದಲಾಗುವುದು ಲೇಸು. ಮುನಿಗಳು ನಿಂತು, ಕೈಗಳನ್ನೇ ಪಾತ್ರೆಯಾಗಿ ಮಾಡಿಕೊಂಡು, ಮೌನದಿಂದ ದಿನಕ್ಕೊಮ್ಮೆ ಆಹಾರವನ್ನು ಸ್ವೀಕರಿಸುತ್ತಾರೆ. ಭೋಜನ, ಸ್ನಾನ, ಜಿನಪೂಜೆ, ಸಾಮಾಯಿಕ ಮುಂತಾದ ಕಾಲಗಳಲ್ಲಿ ಗೃಹಸ್ಥನಿಗೂ ಮೌನವನ್ನು ಶ್ರಾವಕಾಚಾರಗಳು ವಿಧಿಸುತ್ತವೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಭೋಜನದ ಮೌನವನ್ನು ಹೇಳುತ್ತ, ರುಚಿಯ ಆಸೆಯಿಂದ ಹೂಂಕರಿಸುವುದು, ಸನ್ನೆ ಮಾಡುವುದು ಇವನ್ನೂ ಬಿಡಬೇಕು, ಊಟಕ್ಕೆ ಮುಂಚೆಯೂ ಆಮೇಲೆಯೂ ಸಂಕ್ಲೇಶಪಡಬಾರದು ಎಂದು ಸೂಚಿಸುತ್ತಾರೆ. ಉಪ್ಪು ಹೆಚ್ಚಾಯಿತೆಂದು ಬಾಯಿಂದ ಹೇಳದೆ ಹುಬ್ಬು ಗಂಟಿಕ್ಕಿ ತಟ್ಟೆಯನ್ನು ಸದ್ದಾಗುವಂತೆ ಸರಿಸಿದರೆ ಬಡಿಸುವವಳಿಗೆ ನೂರು ಮಾತು ಕೇಳಿಸಿದಂತಾಗುತ್ತದೆ.

ಆಹಾರದಾನದಲ್ಲಿ ನವವಿಧ ಪುಣ್ಯಗಳನ್ನು ಆಚರಿಸುವಾಗ ಮನೆಯವರು ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಶುದ್ಧಿ ಇದೆಯೆಂದು ಮುನಿಗಳ ಮುಂದೆ ನುಡಿಯುತ್ತಾರೆ. ಆಹಾರಶುದ್ಧಿಗಾಗಿ ನಸುಕಿನಿಂದಲೇ ಎಚ್ಚರ ವಹಿಸಿ, ಹಿಟ್ಟು ನೀರುಗಳನ್ನು ನೋಡಿ ಸೋಸಿ ಸಿದ್ಧಪಡಿಸಿದ ಮನೆಯಲ್ಲಿ ಒಲೆಯ ಮುಂದೆ ಸೊಸೆಯನ್ನು ಗದರಿಸಿದ ನುಡಿ ಇನ್ನೂ ಆರಿರದಿದ್ದರೆ, ವಚನಶುದ್ಧಿ ಇದೆಯೆಂದ ಮಾತೇ ಅಸತ್ಯವಾಗುತ್ತದೆ.

ಊಟದ ಮೌನವು ಕೂಡಿಬಂದ ಮೇಲೆ ಸಾಮಾಯಿಕದ 48 ನಿಮಿಷಗಳನ್ನು ಮೌನಕ್ಕೆ ಇಡಬೇಕು. ಅನಂತರ ಅಷ್ಟಮಿ ಚತುರ್ದಶಿಗಳಂದು ಒಂದು ಪ್ರಹರ, ಶಕ್ತಿಯಿದ್ದವರು ದಿನಪೂರ್ತಿ ಹಿಡಿಯಬಹುದು. ಇಂತಿಷ್ಟು ಹೊತ್ತು ಎಂದು ಮನೆಯವರಿಗೆ ಮುಂಚೆಯೇ ತಿಳಿಸತಕ್ಕದ್ದು. ತಿಳಿಸದೆ ಸುಮ್ಮನಾದರೆ ಮನೆಯವರು ಕಾರಣವರಿಯದೆ ನೋಯುತ್ತಾರೆ. ರೋಗಿ, ಶಿಶು, ಬಾಗಿಲಿಗೆ ಬಂದ ಅತಿಥಿ ಇವರ ಉಪೇಕ್ಷೆಯಾಗದಂತೆ ಏರ್ಪಾಡು ಮಾಡಿರಬೇಕು.

ಬರೆಯುವುದರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಮಹಾತ್ಮಾ ಗಾಂಧಿಯವರು ಸೋಮವಾರಗಳಂದು ಮೌನದಲ್ಲಿರುತ್ತಿದ್ದರು, ಅವಶ್ಯವಾದಾಗ ಚೀಟಿಯಲ್ಲಿ ಬರೆದು ತಿಳಿಸುತ್ತಿದ್ದರು. ದೇಶದ ಕಾರ್ಯಭಾರವನ್ನು ಹೊತ್ತವರಿಗೆ ಅದು ಅನಿವಾರ್ಯವಾಗಿತ್ತು. ಇಂದು ಮೌನ ಹಿಡಿದವನ ಕೈಯಲ್ಲಿ ಮೊಬೈಲ್ ಇದ್ದರೆ ಬಾಯಿಯ ಕೆಲಸವೆಲ್ಲ ಬೆರಳಿಗೆ ವರ್ಗವಾಗುತ್ತದೆ. ಕಂಡವರ ಸುದ್ದಿಯನ್ನು ಕಳಿಸುವುದು, ಬಂದುದನ್ನು ವಿಚಾರಿಸದೆ ಮುಂದಕ್ಕೆ ತಳ್ಳುವುದು, ಇವೆಲ್ಲ ಮೌಖರ್ಯವೇ. ಮೌನದ ಅವಧಿಯಲ್ಲಿ ಅದನ್ನು ದೂರವಿಡುವುದೇ ಕ್ರಮ.

ಮೌನದ ಪಾರಣೆ

ಉಪವಾಸವು ಎಷ್ಟು ಮುಖ್ಯವೋ ಪಾರಣೆಯೂ ಅಷ್ಟೇ ಮುಖ್ಯವೆಂಬುದನ್ನು ವ್ರತಿಗಳು ಬಲ್ಲರು. ದೀರ್ಘ ಉಪವಾಸದ ಮರುದಿನ ಖಾರದ ಪದಾರ್ಥವನ್ನು ಯಾರೂ ಉಣ್ಣುವುದಿಲ್ಲ. ಹಗುರವಾದ ಸಾತ್ತ್ವಿಕ ಆಹಾರದಿಂದ ಆರಂಭಿಸುತ್ತಾರೆ. ಮೌನದ ಪಾರಣೆಗೂ ಅದೇ ನಿಯಮ. ಮೌನವನ್ನು ಬಿಟ್ಟೊಡನೆ ಆಡುವ ಮೊದಲ ಮಾತು ಪಂಚನಮಸ್ಕಾರವಾಗಲಿ, ಎರಡನೆಯದು ಮನೆಯವರನ್ನು ಕುರಿತ ಹಿತವಾದ ಮಾತಾಗಲಿ. ಹಗಲೆಲ್ಲ ಕೂಡಿಟ್ಟ ದೂರನ್ನು ಸಂಜೆಗೆ ಒಮ್ಮೆಲೇ ಸುರಿಯುವುದಾದರೆ ಆ ಮೌನವನ್ನು ಹಿಡಿಯದಿರುವುದೇ ವಾಸಿ.

ಮಾತು ಬಿಟ್ಟ ಮನೆಗಳಿಗೂ ಒಂದು ಪಾರಣೆಯ ದಿನವನ್ನು ಧರ್ಮವೇ ಗೊತ್ತುಮಾಡಿ ಕೊಟ್ಟಿದೆ. ದಶಲಕ್ಷಣ ಪರ್ವವು ಮುಗಿದ ಮೇಲೆ ಭಾದ್ರಪದ ಬಹುಳ ಪಾಡ್ಯದ ಕ್ಷಮಾವಣಿಯೇ ಆ ದಿನ. ಅಂದು ಜಗದ ಜೀವಗಳಿಗೆಲ್ಲ ಕ್ಷಮೆ ಹೇಳಿ, ಗೋಡೆಯಾಚೆಯ ಒಬ್ಬನನ್ನು ಬಿಟ್ಟರೆ ಕ್ಷಮಾವಣಿಯು ಪೂರ್ತಿಯಾಗುವುದಿಲ್ಲ. ಊರವರಿಗೆಲ್ಲ ಅಚ್ಚು ಹಾಕಿಸಿದ ಕ್ಷಮಾಪತ್ರವನ್ನು ಕಳಿಸುವುದು ಸುಲಭ. ಗೋಡೆಯನ್ನು ಬಳಸಿ ಹೋಗಿ, ಮಗುವನ್ನು ನಡುವೆ ನಿಲ್ಲಿಸದೆ, ‘ಅಣ್ಣಾ’ ಎಂದು ಕರೆಯುವುದು ಕಷ್ಟ. ತಪ್ಪು ಯಾರದೆಂಬ ವಿಚಾರವನ್ನು ಅಲ್ಲಿ ಎತ್ತಬೇಕಾಗಿಲ್ಲ, ಬದುವಿನ ವ್ಯಾಜ್ಯವನ್ನು ಬೇರೆ ದಿನ ಹಿರಿಯರ ಮುಂದೆ ತೀರಿಸಿಕೊಳ್ಳಬಹುದು. ಇನ್ನೊಬ್ಬನು ಅಂದೇ ಓಗೊಡದಿದ್ದರೂ ಕರೆದವನ ಗೆರೆಯು ಕಲ್ಲಿನಿಂದ ನೆಲಕ್ಕೆ ಇಳಿಯಿತು. ಮಳೆ ಬಂದಾಗ ಅದು ಕೂಡಿಕೊಳ್ಳುತ್ತದೆ. ಕ್ಷಮಾವಣಿಯವರೆಗೆ ಕಾಯಬೇಕೆಂಬ ನಿಯಮವೂ ಇಲ್ಲ. ಬರುವ ಚತುರ್ದಶಿಯ ಪ್ರತಿಕ್ರಮಣದ ಮರುದಿನ ಬೆಳಿಗ್ಗೆಯೇ ಆ ಕೆಲಸವನ್ನು ಮಾಡಬಹುದು.